ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ ವ್ಯಾಯಾಮ ಮುಂದುವರಿಸಬಹುದೇ?

ಪ್ರಶ್ನೆ: ಸೊಂಟನೋವಿಗೆ ಮೂರು ವಾರದಿಂದ ಫಿಸಿಯೋಥೆರಪಿ ನಡೆಯುತ್ತಿದೆ. ಸೊಂಟದ ನೋವು ತಗ್ಗಿದೆ. ಆದರೆ ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದಾಗಲೆಲ್ಲ ಬಲಗಾಲಿನ ಮೀನಖಂಡದವರೆಗೆ ಉರಿ, ಜುಮುಜುಮು. ಸ್ನಾಯು ಬಿಗಿತವೆಂದು ಸಹಿಸಿಕೊಂಡಿದ್ದೇನೆ. ಮುಂದುವರಿಸಲೇ? ಯಾವ ನೋವಿಗೆ ಹೆದರಬೇಕು?

ಉತ್ತರ: ಆ ಒಂದು ವ್ಯಾಯಾಮವನ್ನು ಇವತ್ತೇ ನಿಲ್ಲಿಸಿ, ಥೆರಪಿಸ್ಟ್‌ಗೆ ತಿಳಿಸಿ. ಸೊಂಟ ಹಗುರಾಗಿ ಕಾಲಿನ ನೋವು ಕೆಳಕೆಳಗೆ ಇಳಿಯುವುದು ಗುಣವಾಗುತ್ತಿರುವ ಲಕ್ಷಣವಲ್ಲ. ನರದ ಬೇರಿಗೆ, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಬುಡಕ್ಕೆ, ಕಿರಿಕಿರಿ ಹೆಚ್ಚುತ್ತಿರಬಹುದು. ಮೀನಖಂಡದ ನೋವು ತೊಡೆಗೆ, ಅಲ್ಲಿಂದ ಸೊಂಟಕ್ಕೆ ಹಿಂದೆ ಸರಿದರೆ, ಸೊಂಟದಲ್ಲಿ ತುಸು ಜಾಸ್ತಿಯಾದರೂ, ಅದು ಒಳ್ಳೆಯದು. ಹಾಗಾಗಿ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಮಾತ್ರ ಹೇಳಬೇಡಿ, ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ಹೇಳಿ.

ಸ್ನಾಯುನೋವು ಮಂದವಾಗಿರುತ್ತದೆ. ಒತ್ತಿದರೆ, ಎಳೆದರೆ ಗೊತ್ತಾಗುತ್ತದೆ. ಹೊಸ ವ್ಯಾಯಾಮದ ನಂತರ 24ರಿಂದ 72 ಗಂಟೆಗಳ ನಡುವೆ ಹೆಚ್ಚಿ ತಾನೇ ಇಳಿಯುತ್ತದೆ. ನರದ ನೋವು ಉರಿಯುತ್ತದೆ, ಶಾಕ್ ಹೊಡೆದಂತೆ ಹರಿಯುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಜಗ್ಗಬಹುದು. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿಯನ್ನು ಹತ್ತು ಸಲ ಎತ್ತಿ, ಎರಡೂ ಕಾಲು ಹೋಲಿಸಿ. ಬಲಪಾದ ಜೋತುಬಿದ್ದರೆ ಅಥವಾ ಹಿಮ್ಮಡಿ ಏಳದಿದ್ದರೆ ಅದು ಶಕ್ತಿ ಕುಂದಿದ ಗುರುತು. ಮುಂದಿನ ಸರದಿಗೆ ಕಾಯದೆ ವೈದ್ಯರಿಗೆ ತೋರಿಸಿ.

ಉರಿಯೂತದ ನೋವಿನ ಸ್ವಭಾವವೇ ಬೇರೆ. ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿತ, ಓಡಾಡಿದರೆ ಸಲೀಸು, ಮಲಗಿದರೆ ಜಾಸ್ತಿ. ಇದಕ್ಕೆ ಸಂಧಿವಾತ ತಜ್ಞರನ್ನು ಕಾಣಬೇಕು.

ನಿಜವಾಗಿ ಹೆದರಬೇಕಾದದ್ದು ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಿಹೋದಾಗ. ಮೂತ್ರ ಕಟ್ಟುವುದು, ಮೂತ್ರಕೋಶ ತುಂಬಿದ್ದೇ ತಿಳಿಯದಿರುವುದು, ಶೌಚದ ಮೇಲೆ ಹಿಡಿತ ತಪ್ಪುವುದು, ಲೈಂಗಿಕ ಸಂವೇದನೆ ಕುಗ್ಗುವುದು, ಎರಡೂ ಕಾಲಿಗೆ ನೋವು ಅಥವಾ ನಿಶ್ಶಕ್ತಿ. ಗುದದ ಸುತ್ತ, ಒಳತೊಡೆಯಲ್ಲಿ ಜೋಮು ಹಿಡಿದು, ತೊಳೆದುಕೊಳ್ಳುವಾಗ ಸ್ಪರ್ಶ ಮಂಕೆನಿಸಬಹುದು. ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ತಡವಾದರೆ ಈ ನಷ್ಟ ಶಾಶ್ವತವಾಗಬಹುದು. ಸಂಕೋಚದಿಂದ ಇದನ್ನು ಬಾಯಿಬಿಡದವರೇ ಹೆಚ್ಚು; ಥೆರಪಿಸ್ಟ್‌ಗಳು ತಾವಾಗಿಯೇ, ನೇರವಾಗಿ ಕೇಳಬೇಕು.

ರಾತ್ರಿ ನೋವು ಎಂದಾಕ್ಷಣ ಕ್ಯಾನ್ಸರ್ ಎಂದು ಗಾಬರಿಯಾಗಬೇಡಿ. ಮಗ್ಗುಲು ಬದಲಿಸಿದರೆ ತಗ್ಗುವ ನೋವು ಸಾಮಾನ್ಯ. ಯಾವ ಭಂಗಿಯಲ್ಲೂ ತಗ್ಗದೆ, ಜತೆಗೆ ಕಾರಣವಿಲ್ಲದೆ ತೂಕ ಇಳಿದಿದ್ದರೆ, ಜ್ವರವಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಪಾಸಣೆ ಬೇಕು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಸಣ್ಣ ಪೆಟ್ಟಿಗೂ ಮೂಳೆ ಕುಸಿಯಬಹುದು.

ಇನ್ನೊಂದು ಮಾತು: ಒಂದೇ ಮೀನಖಂಡ ಊದಿ, ಬಿಸಿಯಾಗಿ, ಸುತ್ತಳತೆಯಲ್ಲಿ ಇನ್ನೊಂದಕ್ಕಿಂತ 3 ಸೆಂಟಿಮೀಟರ್‌ಗೂ ಹೆಚ್ಚು ದಪ್ಪವಾಗಿದ್ದರೆ ರಕ್ತ ಹೆಪ್ಪುಗಟ್ಟಿರುವ ಶಂಕೆ ಇರುತ್ತದೆ. ಅಳತೆ ಅಷ್ಟಿಲ್ಲದಿದ್ದರೂ ಹೊಸ ಊತವಿದ್ದರೆ ಮಸಾಜ್ ಮಾಡಿಸದೆ ಅಂದೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವಾದರೆ ಆಂಬುಲೆನ್ಸ್ ಕರೆಸಿ.