ನಿಮ್ಮ ಕ್ಯೂಟಿಎಚ್ ಎಲ್ಲಿ?

ಓದುಗರ ಪ್ರಶ್ನೆ: ಹ್ಯಾಮ್ (ಹವ್ಯಾಸಿ) ರೇಡಿಯೊ

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹತ್ತಿರ. ಹ್ಯಾಮ್ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೊದಲ್ಲಿ ಹೇಳಿಕೊಳ್ಳುವ ಗುರುತಿನ ಹೆಸರು) ಬಂದಿದೆ. ಮನೆ ಹಿಂದಿನ ಗುಡ್ಡ ಹತ್ತಿದರೆ ಕರಾವಳಿಯ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಬಿಡುವ ಯಂತ್ರ) ಚೆನ್ನಾಗಿ ಸಿಗುತ್ತದೆ. ದಿನಾ ಸಂಜೆ ಅಲ್ಲಿನವರ ಜೊತೆಗೇ ಮಾತು. ಆದರೆ ಅಲ್ಲಿನ ಒಂದು ಕ್ಲಬ್ಬಿಗೆ ಅರ್ಜಿ ಹಾಕಿದರೆ, "ನೀವು ಬೇರೆ ಜಿಲ್ಲೆಯವರು, ಸ್ಥಳೀಯ ಸದಸ್ಯತ್ವ ಆಗಲ್ಲ, ಹೊರಊರಿನ ಸದಸ್ಯರಾಗಿ" ಅಂದರು. ಹೊರಊರಿನವರಿಗೆ ವೋಟಿಲ್ಲ. ನಮ್ಮ ಜಿಲ್ಲಾ ಕೇಂದ್ರದ ಕಡೆಯವರು ನನ್ನ ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ರೇಡಿಯೊ) ಕೇಳಿಸುವುದೇ ಇಲ್ಲ. ಹಾಗಾದರೆ ನಾನು ಯಾವ ಊರಿನವಳು ಸಾರ್?

ಉತ್ತರ: ತಂಗೀ, ಮೊದಲು ಸರ್ಕಾರದ ಮಾತು ಮುಗಿಸಿಬಿಡೋಣ. ನಿಮಗೆ ಲೈಸೆನ್ಸ್ ಕೊಟ್ಟಿದ್ದು ದೆಹಲಿಯ ದೂರಸಂಪರ್ಕ ಇಲಾಖೆ, ಕ್ಲಬ್ಬಲ್ಲ. ವಿಯು3 ಅಂದರೆ ಕೆಳಗಿನ ದರ್ಜೆ, ವಿಯು2 ಅಂದರೆ ಮೇಲಿನದು. ಅದರಲ್ಲಿ ಜಿಲ್ಲೆಯೂ ಇಲ್ಲ, ರಾಜ್ಯವೂ ಇಲ್ಲ. ಅಂಡಮಾನಿಗೆ ವಿಯು4, ಲಕ್ಷದ್ವೀಪಕ್ಕೆ ವಿಯು7 ಅಂತ ಬೇರೆ ಇರುವುದು ಬಿಟ್ಟರೆ, ಕಾಲ್‌ಸೈನ್ ಕೇಳಿ ಊರು ಹೇಳೋಕಾಗಲ್ಲ. ಅದಕ್ಕೇ ಅಲ್ವಾ ನಾವು ಹೆಸರಾದ ಮೇಲೆ "ನಿಮ್ಮ ಕ್ಯೂಟಿಎಚ್ ಎಲ್ಲಿ?" ಅಂತ, ಅಂದರೆ ನೀವಿರುವ ಜಾಗ ಯಾವುದು ಅಂತ, ಕೇಳುವುದು!

ಕ್ಲಬ್ಬು ಸಂಘವಾಗಿ ನೋಂದಣಿಯಾಗಿದ್ದರೆ, ಅದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಬರುತ್ತದೆ. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಯಾರು ಸ್ಥಳೀಯರು ಅಂತ ಬರೆದುಕೊಳ್ಳುವುದು ಅವರವರ ನಿಯಮಾವಳಿಯಲ್ಲಿ. ಆದ್ದರಿಂದ ಮೊದಲು ಅದರ ಪ್ರತಿ ಕೇಳಿ ಓದಿ. "ಜಿಲ್ಲೆ" ಅನ್ನುವ ಪದ ಅದರಲ್ಲಿ ನಿಜವಾಗಿ ಇದೆಯಾ, ಇಲ್ಲ ಯಾರೋ ಬಾಯಲ್ಲಿ ಹೇಳಿಕೊಂಡು ಬಂದಿದ್ದಾ, ನೋಡಿ. ಎಷ್ಟೋ ಕಡೆ ಎರಡನೆಯದೇ.

ಇನ್ನು ನನ್ನ ಅಭಿಪ್ರಾಯ. ಎರಡು ಮೀಟರ್ ಬ್ಯಾಂಡಿಗೆ, ಅಂದರೆ 144ರಿಂದ 146 ಮೆಗಾಹರ್ಟ್ಸಿಗೆ, ಜಿಲ್ಲೆಯ ಗಡಿ ಕಾಣುವುದಿಲ್ಲ, ಗುಡ್ಡ ಕಾಣುತ್ತದೆ. ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡದ ಮೇಲೆ ನಿಂತರೆ ಐದು ವಾಟಿನ ಹ್ಯಾಂಡಿ ಕರಾವಳಿಯ ರಿಪೀಟರನ್ನು ಎಬ್ಬಿಸುತ್ತದೆ. ಅದೇ ಕರಾವಳಿ ಜಿಲ್ಲೆಯ ಒಳಗೇ, ಬೆಟ್ಟದ ಬುಡದ ಹಳ್ಳಿಯಲ್ಲಿ ಕೂತವನಿಗೆ ಬರೀ ಗೊರಗೊರ ಸದ್ದು. ಅವನಿಗೆ ವೋಟುಂಟು, ನಿಮಗಿಲ್ಲ. ನಾವು ಹ್ಯಾಮ್‌ಗಳು ಜಾಗ ಹೇಳಲು ಭೂಪಟವನ್ನು ಚೌಕ ಚೌಕ ಮಾಡಿ ಹೆಸರಿಟ್ಟುಕೊಂಡಿದ್ದೇವಲ್ಲ, ಅದರಲ್ಲಿ ನಿಮ್ಮ ಮನೆ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ನಾಲ್ಕೂ ಎಂಕೆ73. ಮಂಗಳೂರು ಎಂಕೆ72, ಕೇರಳದ ಕಾಸರಗೋಡೂ ಅದೇ ಚೌಕ. ಹಾಗಂತ ಚೌಕ ಹಿಡಿದು ಸದಸ್ಯತ್ವ ಕೊಡಿ ಅನ್ನಲ್ಲ. ಒಂದು ಚೌಕ ಇನ್ನೂರು ಕಿಲೋಮೀಟರಿಗಿಂತ ಜಾಸ್ತಿ ಅಗಲ ಇರುತ್ತದೆ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದು ನಿಮಗೆ ನೆನಪಿರುತ್ತದೆ. ಅಂಥ ದಿನ ಘಾಟಿಯ ಮೇಲಿನ ಸುದ್ದಿಯನ್ನು ಕೆಳಗಿನವರಿಗೆ ಮುಟ್ಟಿಸಲು ಯಾರು ಬೇಕು? ಕೊಟ್ಟಿಗೆಹಾರದಲ್ಲಿ ಹ್ಯಾಂಡಿ ಹಿಡಿದ ನೀವು. ಇದನ್ನೇ ಕ್ಲಬ್ಬಿನವರಿಗೆ ಹೇಳಿ.

ಆದರೂ ಅವರ ಕಡೆಗೂ ನ್ಯಾಯ ಇದೆ. ನಾನು ದೂರವಾಣಿ ಇಲಾಖೆಯಲ್ಲಿದ್ದಾಗ ಬಳ್ಳಾರಿಗೆ ವರ್ಗವಾಯಿತು. ಊರಿನ ಕ್ಲಬ್ಬಿನ ಸ್ಥಳೀಯ ಸದಸ್ಯತ್ವ ಬಿಡಲಿಲ್ಲ, ಚಂದಾ ಕಟ್ಟುತ್ತಲೇ ಇದ್ದೆ. ರಿಪೀಟರನ್ನು ಬೇರೆ ಗುಡ್ಡಕ್ಕೆ ಸಾಗಿಸಬೇಕಾ ಬೇಡವಾ ಅಂತ ಸಭೆ ಕರೆದರು. ಸ್ನೇಹಿತರೊಬ್ಬರು ಫೋನ್ ಮಾಡಿ ಕರೆದರು ಅಂತ ರಾತ್ರಿ ಬಸ್ಸಿಗೆ ಬಂದು ಕೈ ಎತ್ತಿ ಹೋದೆ. ಒಂದು ವೋಟಿನಲ್ಲಿ ಗೆದ್ದೆವು. ಆಮೇಲೆ ಗೊತ್ತಾಯಿತು, ಹೊಸ ಗುಡ್ಡದಿಂದ ಎರಡು ಹಳ್ಳಿಗಳಿಗೆ ಸಿಗ್ನಲ್ಲೇ ಇಲ್ಲ. ಅಲ್ಲಿದ್ದ ಒಬ್ಬ ಮಾಸ್ತರು ದಿನಾ ಸಂಜೆ ಏಳಕ್ಕೆ ನೆಟ್ಟಿಗೆ (ಗೊತ್ತಾದ ಹೊತ್ತಿಗೆ ಎಲ್ಲರೂ ರೇಡಿಯೊದಲ್ಲಿ ಸೇರುವ ಕೂಟ) ಬರುತ್ತಿದ್ದರು. ಅಲ್ಲಿಗೆ ಅವರ ದನಿ ನಿಂತೇ ಹೋಯಿತು. ನಾನು ಬಳ್ಳಾರಿಯಲ್ಲಿ ಕೂತು ಆ ರಿಪೀಟರನ್ನು ಒಂದು ದಿನವೂ ಕೇಳಿರಲಿಲ್ಲ. ಮುಂದಿನ ವರ್ಷ ನಾನೇ ಹೊರಊರಿನ ಪಟ್ಟಿಗೆ ಹೆಸರು ಬದಲಿಸಿಕೊಂಡೆ. ಮಾಸ್ತರ ಹತ್ತಿರ ಕ್ಷಮೆ ಕೇಳಿದೆ. ಅವರು "ಇರಲಿ ಬಿಡಿ, ಈಗ ಪುಸ್ತಕ ಓದ್ತೀನಿ" ಅಂದರು. ಅದು ಇನ್ನೂ ಚುಚ್ಚುತ್ತದೆ.

ಹಾಗಾಗಿ ಈ ವರ್ಷ ಸುಮ್ನೆ ಹೊರಊರಿನ ಸದಸ್ಯೆಯಾಗಿ ಸೇರಿಕೊಳ್ಳಿ. ನೆಟ್ ತಪ್ಪಿಸಬೇಡಿ. ಆಂಟೆನಾ ಏರಿಸುವ ದಿನ ಘಾಟಿ ಇಳಿದು ಹೋಗಿ ಹಗ್ಗ ಹಿಡಿಯಿರಿ. ವಾರ್ಷಿಕ ಸಭೆಯಲ್ಲಿ ಯಾರಾದರೂ ಸ್ಥಳೀಯ ಸದಸ್ಯರಿಂದ ಒಂದು ತಿದ್ದುಪಡಿ ಇಡಿಸಿ: "ಜಿಲ್ಲೆಯ ನಿವಾಸಿ" ಅನ್ನುವ ಕಡೆ "ಮನೆಯಿಂದ ರಿಪೀಟರ್ ಮುಟ್ಟುವ, ವರ್ಷದಲ್ಲಿ ಇಷ್ಟು ನೆಟ್‌ಗೆ ಬಂದ ಸದಸ್ಯ" ಅಂತ. ಯಾರ ಜೊತೆ ಯಾವಾಗ ಮಾತಾಡಿದ್ದು ಅಂತ ಬರೆದಿಡುವ ಲಾಗ್ ಪುಸ್ತಕ ಇರುತ್ತದಲ್ಲ, ಸಾಕ್ಷಿಗೆ ಆಧಾರ್ ಕಾರ್ಡಿಗಿಂತ ಅದು ಒಳ್ಳೆಯದು. ಒಪ್ಪದಿದ್ದರೆ ಕೊಟ್ಟಿಗೆಹಾರದ ನೀರುದೋಸೆಗೆ ಕಮಿಟಿಯವರನ್ನು ಕರೆದು, ಗುಡ್ಡ ಹತ್ತಿಸಿ, ಹ್ಯಾಂಡಿ ಕೈಗೆ ಕೊಡಿ.

ಪ್ರಶ್ನೆ: ಪರೀಕ್ಷೆ ಬರೆಯಲು ಕ್ಲಬ್ಬಿನ ಸದಸ್ಯತ್ವ ಬೇಕೇ? ಮಗಳಿಗೆ 13 ವರ್ಷ.

ಉತ್ತರ: ಬೇಡ. 12 ತುಂಬಿದ್ದರೆ ಸಾಕು. ಆದರೆ ಕ್ಲಬ್ಬಿದ್ದರೆ ಕಲಿಸುವವರು ಸಿಗುತ್ತಾರೆ.

ಪ್ರಶ್ನೆ: ನಮ್ಮ ಕ್ಲಬ್ಬಿನ ಹುಡುಗ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಎಕೋಲಿಂಕ್ (ಇಂಟರ್ನೆಟ್ಟಿನಿಂದ ರೇಡಿಯೊಗೆ ಸೇರಿಸುವ ವ್ಯವಸ್ಥೆ) ಮೂಲಕ ನೆಟ್ಟಿಗೆ ಬರುತ್ತಾನೆ. ಸ್ಥಳೀಯ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ವೋಟು ಬೇಡ, ನನ್ನ ಬಳ್ಳಾರಿ ಕಥೆ ಮೇಲೆಯೇ ಇದೆ. ಆದರೆ ನೆಟ್ಟಿನಲ್ಲಿ ಹೆಸರು ಕರೆಯುವಾಗ ಅವನನ್ನು ಊರಿನವರ ಜೊತೆಗೇ ಕರೆಯಿರಿ. ಇಲ್ಲಿ ರಾತ್ರಿ ಎಂಟು ಅಂದರೆ ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಆರೂವರೆ. ಭಾನುವಾರ ಆ ಹೊತ್ತಿಗೆ ಏಳುವವರು ನಿಮ್ಮ ಕ್ಲಬ್ಬಿನಲ್ಲಿ ಎಷ್ಟು ಜನ ಇದ್ದಾರೆ?