ಬರೆದದ್ದು ಹೈಡನ್, ನುಡಿಸಿದ್ದು ಕ್ರಾಫ್ಟ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಆಸ್ಟ್ರಿಯಾದ ಸಂಯೋಜಕ ಹೈಡನ್ನನ ಡಿ ಮೇಜರ್ ಚೆಲ್ಲೊ ಕನ್ಸರ್ಟೊ ಬಗ್ಗೆ, ಅಂದರೆ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ಮುಂದಿದ್ದು ಆರ್ಕೆಸ್ಟ್ರಾ ಜೊತೆ ಕೊಡುವ ಕೃತಿಯ ಬಗ್ಗೆ, ಬರೆದಿದ್ದೀರಿ. ನನ್ನ ಹತ್ತಿರ ಇರುವ ಹಳೇ ರೆಕಾರ್ಡಿನ ಕವರ್ ಮೇಲೆ, ಇದನ್ನು ಬರೆದವನು ಆಂಟನಿನ್ ಕ್ರಾಫ್ಟ್ ಎಂಬ ಚೆಕ್ ಕಲಾವಿದ ಇರಬಹುದು ಅಂತ ಇದೆ. ಯಾರಿವನು? ದೊಡ್ಡವರ ಹೆಸರಿನ ಕೆಳಗೆ ಇನ್ನೊಬ್ಬ ಮುಚ್ಚಿಹೋದ ಕಥೆಯಾ ಇದು?

ಸಂಪಾದಕರ ಉತ್ತರ: ಆ ಕವರ್ ಬರೆದವರನ್ನು ಬೈಯಬೇಡಿ, ಆಗ ತುಂಬಾ ಜನ ಹಾಗೇ ಅಂದುಕೊಂಡಿದ್ದರು. 1830ರ ದಶಕದಲ್ಲಿ ಜರ್ಮನಿಯಲ್ಲಿ ಬಂದ ಒಂದು ಸಂಗೀತ ವಿಶ್ವಕೋಶ ಈ ಕನ್ಸರ್ಟೊ ಕ್ರಾಫ್ಟನದ್ದು ಅಂತ ಹೇಳಿಬಿಟ್ಟಿತು. ನೂರು ವರ್ಷಕ್ಕೂ ಜಾಸ್ತಿ ಆ ಅನುಮಾನ ಉಳಿಯಿತು. 1950ರ ದಶಕದ ಶುರುವಿನಲ್ಲಿ ಹೈಡನ್ನನ ಕೈಬರಹದ ಪ್ರತಿಯೇ ವಿಯೆನ್ನಾದಲ್ಲಿ ಸಿಕ್ಕಿತು, ಅದರ ಮೇಲೆ ಅವನ ಸಹಿಯೂ ಇತ್ತು, 1783 ಎಂಬ ಇಸವಿಯೂ ಇತ್ತು. ಅಲ್ಲಿಗೆ ಆ ಜಗಳ ಮುಗಿಯಿತು.

ಆದರೆ ಜನ ಸುಮ್ನೆ ನಂಬಿರಲಿಲ್ಲ. ಆ ಕನ್ಸರ್ಟೊದ ತುಂಬಾ ಒಬ್ಬ ಚೆಲ್ಲೊ ವಾದಕನ ಕೈಯೇ ಕಾಣುತ್ತದೆ.

ಕ್ರಾಫ್ಟ್ ಹುಟ್ಟಿದ್ದು 1749ರ ಡಿಸೆಂಬರ್ ಕೊನೆಯಲ್ಲಿ, ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ರೊಕಿಟ್ಸಾನಿ ಊರಿನಲ್ಲಿ. ಅಪ್ಪ ಬಿಯರ್ ತಯಾರಿಸುತ್ತಿದ್ದ. (ಪಕ್ಕದ ಪಿಲ್ಸನ್ ಊರಿನ ಜಗತ್‌ಪ್ರಸಿದ್ಧ ಬಿಯರ್ ಬಂದದ್ದು 1842ರಲ್ಲಿ, ಹಾಗಾಗಿ ಆ ಕೀರ್ತಿ ಇವರಪ್ಪನಿಗೆ ಸಲ್ಲುವುದಿಲ್ಲ.) ಹುಡುಗ ಪ್ರಾಗ್‌ಗೆ ಓದಲು ಹೋದ, ಜೊತೆಗೆ ಚೆಲ್ಲೊ ಕಲಿತ, ಆಮೇಲೆ ವಿಯೆನ್ನಾ ಸೇರಿದ. 1778ರಲ್ಲಿ ಹಂಗೇರಿಯ ಶ್ರೀಮಂತ ಎಸ್ಟರ್‌ಹಾಜಿ ಮನೆತನದ ರಾಜಕುಮಾರ ನಿಕೊಲಾಸನ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೇಲಧಿಕಾರಿ ಯಾರು? ಹೈಡನ್.

ಆರಾಮದ ನೌಕರಿ ಅಂದುಕೊಳ್ಳಬೇಡಿ. ರಾಜಕುಮಾರನಿಗೆ ಆಗ ಒಪೇರಾ, ಅಂದರೆ ಹಾಡುತ್ತಲೇ ಆಡುವ ನಾಟಕದ ಹುಚ್ಚು. ಈಗಿನ ಹಂಗೇರಿಯಲ್ಲಿರುವ ಅವನ ಅರಮನೆಯಲ್ಲಿ 1786ರ ಒಂದೇ ವರ್ಷ 125 ಒಪೇರಾ ಪ್ರದರ್ಶನ ನಡೆದವು. ಚೆಲ್ಲೊದವನ ಕೆಲಸ ಬಹುಪಾಲು ವೇದಿಕೆಯ ಮುಂದೆ ಕೂತು ಹಾಡುವವರಿಗೆ ಸಾಥ್ ಕೊಡುವುದೇ. ಇದರ ನಡುವೆ ಕ್ರಾಫ್ಟ್ ಹೈಡನ್ ಹತ್ತಿರ ಸಂಯೋಜನೆಯ ಪಾಠ ಹೇಳಿಸಿಕೊಂಡ. ಅದರಲ್ಲಿ ಎಷ್ಟು ಮುಳುಗಿಹೋದ ಅಂದರೆ, ಚೆಲ್ಲೊ ಅಭ್ಯಾಸ ಕೆಡುತ್ತಿದೆ ಅಂತ ಹೈಡನ್ನೇ ಪಾಠ ನಿಲ್ಲಿಸಿಬಿಟ್ಟನಂತೆ. ಶಿಷ್ಯನಿಗೆ ಬೇಜಾರಾಗಿರಬೇಕು. ನನಗೆ ಮಾತ್ರ ಹೈಡನ್ ಲೆಕ್ಕಾಚಾರ ಸರಿಯಾಗೇ ಇತ್ತು ಅನ್ನಿಸುತ್ತದೆ: ಬರೆಯುವವರು ಊರ ತುಂಬಾ ಇದ್ದರು, ಹಾಗೆ ನುಡಿಸುವವನು ಇವನೊಬ್ಬನೇ.

ಹೇಗೆ ನುಡಿಸುತ್ತಿದ್ದ ಅಂತ ತಿಳಿಯಬೇಕಾದರೆ ಆ ಡಿ ಮೇಜರ್ ಕನ್ಸರ್ಟೊವನ್ನೇ ನೋಡಬೇಕು. ಆಗಿನ ಚೆಲ್ಲೊಗೆ ಈಗಿನಂತೆ ಕೆಳಗೆ ಊರುವ ಕಬ್ಬಿಣದ ಕಡ್ಡಿ ಇರುತ್ತಿರಲಿಲ್ಲ, ಇಡೀ ವಾದ್ಯವನ್ನು ಎರಡು ಕಾಲಿನ ಮಧ್ಯೆ ಅಮುಕಿ ಹಿಡಿಯಬೇಕು. ತಂತಿ ಪ್ರಾಣಿಯ ಕರುಳಿನದು. ತೀರಾ ಮೇಲಿನ ಸ್ವರಗಳಿಗೆ ಹೋಗುವಾಗ ಹೆಬ್ಬೆರಳನ್ನು ವಾದ್ಯದ ಕತ್ತಿನ ಹಿಂದಿನಿಂದ ತೆಗೆದು ತಂತಿಗಳ ಮೇಲೆ ಅಡ್ಡ ಮಲಗಿಸಬೇಕು, ಉಳಿದ ಬೆರಳುಗಳು ಅದರ ಮುಂದೆ ಓಡಾಡಬೇಕು. ಹೈಡನ್ ಇಲ್ಲಿ ಕಲಾವಿದನನ್ನು ಮತ್ತೆ ಮತ್ತೆ ಅಲ್ಲಿಗೇ ಹತ್ತಿಸುತ್ತಾನೆ, ಅದೂ ಸಾಲದು ಅಂತ ಕೊನೆಯ ಭಾಗದಲ್ಲಿ ಒಂದೇ ರಾಗವನ್ನು ಎರಡು ತಂತಿಯಲ್ಲಿ ಒಟ್ಟಿಗೆ, ಒಂದು ಸ್ಥಾಯಿ ಅಂತರದಲ್ಲಿ ನುಡಿಸು ಅನ್ನುತ್ತಾನೆ. ಕೂದಲೆಳೆಯಷ್ಟು ಬೆರಳು ಜಾರಿದರೂ ಅಪಸ್ವರ. ಅಷ್ಟಾದರೂ ಕೇಳುವವರಿಗೆ ಕಷ್ಟ ಕಾಣಬಾರದು, ಯಾಕೆಂದರೆ ಸಂಗೀತ ಪೂರ್ತಿ ನಗುಮುಖದ್ದು. ಇದು ಕ್ರಾಫ್ಟನಿಗಾಗಿ ಬರೆದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

1789ರ ಏಪ್ರಿಲ್‌ನಲ್ಲಿ ಅವನು ಮಗನನ್ನು ಕರೆದುಕೊಂಡು ಡ್ರೆಸ್ಡನ್‌ಗೆ ಹೋಗಿದ್ದಾಗ ಮೊಜಾರ್ಟ್ ಕೂಡ ಅಲ್ಲೇ ಇದ್ದ. ಜೊತೆಗೂಡಿ ನುಡಿಸಿದರು. ಮೊಜಾರ್ಟ್ ಇದನ್ನು ಹೆಂಡತಿಗೆ ಕಾಗದದಲ್ಲಿ ಬರೆದಿದ್ದಾನೆ. ಮಾರನೇ ವರ್ಷ ರಾಜಕುಮಾರ ನಿಕೊಲಾಸ್ ತೀರಿಕೊಂಡ, ಅವನ ಮಗ ಪಟ್ಟಕ್ಕೆ ಬಂದ, ಆರ್ಕೆಸ್ಟ್ರಾ ವಿಸರ್ಜನೆ ಆಯಿತು. ಕ್ರಾಫ್ಟ್ ಬೇರೆ ಯಜಮಾನನ ಬಳಿ ಕೆಲ ಕಾಲ ಇದ್ದು, ಕೊನೆಗೆ ವಿಯೆನ್ನಾದ ಲೊಬ್ಕೊವಿಟ್ಸ್ ರಾಜಕುಮಾರನ ಆರ್ಕೆಸ್ಟ್ರಾ ಸೇರಿದ.

ಅಲ್ಲಿ ಬೀಥೋವನ್ ಸಿಕ್ಕ. ಬೀಥೋವನ್ನನ ಟ್ರಿಪಲ್ ಕನ್ಸರ್ಟೊ (ಪಿಟೀಲು, ಚೆಲ್ಲೊ, ಪಿಯಾನೊ ಮೂರೂ ಮುಂದಿರುವ ಕೃತಿ) ಅರ್ಪಣೆಯಾಗಿರುವುದು ಇದೇ ಲೊಬ್ಕೊವಿಟ್ಸ್‌ಗೆ, ಅದರ ಚೆಲ್ಲೊ ಭಾಗ ಕ್ರಾಫ್ಟನನ್ನು ಮನಸ್ಸಲ್ಲಿಟ್ಟು ಬರೆದದ್ದು ಅಂತ ಬಲ್ಲವರ ಮಾತು. ಕೇಳಿ ನೋಡಿ. ಮೂರು ಭಾಗದಲ್ಲೂ ಪಿಟೀಲು, ಪಿಯಾನೊ ಎರಡಕ್ಕಿಂತ ಮೊದಲು ಬಾಯಿ ತೆರೆಯುವುದು ಚೆಲ್ಲೊ, ಅದೂ ತಾರಸ್ಥಾಯಿಯಲ್ಲಿ. ಐವತ್ತು ದಾಟಿದ ನೌಕರನಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?

ಹಾಗಾಗಿ ಮುಚ್ಚಿಹೋದವನು ಅನ್ನುವುದನ್ನು ನಾನು ಒಪ್ಪುವುದಿಲ್ಲ. 1820ರಲ್ಲಿ ಸಾಯುವವರೆಗೂ ವಿಯೆನ್ನಾದಲ್ಲಿ ಅವನಿಗೆ ಹೆಸರಿತ್ತು, ಮಗ ನಿಕೊಲಾಸ್ ಕ್ರಾಫ್ಟ್ ಕೂಡ ದೊಡ್ಡ ಚೆಲ್ಲೊ ವಾದಕನಾದ. ರೆಕಾರ್ಡಿಂಗ್ ಇಲ್ಲದ ಕಾಲ ಅದು, ನುಡಿಸಿದ್ದು ಉಳಿಯಲಿಲ್ಲ, ಅಷ್ಟೇ.

ಅವನು ಬರೆದದ್ದು ಉಳಿದಿದೆ: ಒಂದಿಷ್ಟು ಸೊನಾಟಾ, ಎರಡು ವಾದ್ಯಗಳ ಡ್ಯುಯೆಟ್, ಸಿ ಮೇಜರ್‌ನಲ್ಲಿ ಒಂದು ಕನ್ಸರ್ಟೊ. ಈ ಕನ್ಸರ್ಟೊವನ್ನು ಹೈಡನ್ನನ ಕೃತಿಯ ಜೊತೆ ಒಂದೇ ಆಲ್ಬಮ್‌ನಲ್ಲಿ ಚೆಲ್ಲೊ ವಾದಕ ಆನರ್ ಬಿಲ್ಸ್ಮಾ ಟಾಫೆಲ್‌ಮ್ಯೂಸಿಕ್ ತಂಡದೊಂದಿಗೆ ನುಡಿಸಿದ್ದಾರೆ, ಹುಡುಕಿ ಕೇಳಿ. ಮೊದಲ ಭಾಗದಲ್ಲಿ ಕೈಚಳಕ ಜಾಸ್ತಿ, ಹೇಳುವುದು ಕಡಿಮೆ ಅಂತ ನನ್ನ ಅಭಿಪ್ರಾಯ. ಮೂರನೆಯದು ಕೊಸಾಕ್ (ರಷ್ಯಾ, ಉಕ್ರೇನ್ ಕಡೆಯ ಕುದುರೆ ಸವಾರರು) ಕುಣಿತದ ಧಾಟಿಯದು, ಅದು ಬೇರೆಯೇ ಮಜಾ. ಮೊದಲು ಅದನ್ನೇ ಹಾಕಿ. ಇಷ್ಟವಾದರೆ ಉಳಿದೆರಡಕ್ಕೆ ಬನ್ನಿ, ಆಗದಿದ್ದರೆ ಇನ್ನೊಂದು ಪತ್ರ ಬರೆಯಿರಿ.