ಮೊದಲು ಕತೆ ಕನ್ನಡದಲ್ಲಿ ಹೇಳಿ, ಆಮೇಲೆ ದೀಪ ಆರಿಸಿ

ಶಿರಸಿ ಕಡೆಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ನಮಗೆ ಪತ್ರ ಬರೆದಿದ್ದಾರೆ. ಅವರ ಊರಿನ ರಂಗಮಂದಿರದಲ್ಲಿ ತಿಂಗಳಿಗೊಂದು ಶನಿವಾರ ಹೊರದೇಶದ ಸಿನಿಮಾ ತೋರಿಸುತ್ತಾರೆ. ಹೋದ ಸಲ ಬಂದವರು 17 ಜನ. "ಭಾಷೆ ಬರಲ್ಲ, ಕೆಳಗಿನ ಇಂಗ್ಲಿಷ್ ಓದುವಷ್ಟರಲ್ಲಿ ಅಳಿಸಿ ಹೋಗುತ್ತೆ, ಬೇಕಾದವರಿಗೆ ಮೊಬೈಲಿನಲ್ಲೇ ಎಲ್ಲ ಸಿಗುತ್ತೆ. ಕನ್ನಡದ ಒಳ್ಳೆ ಸಿನಿಮಾಕ್ಕೇ ಜಾಗ ಇಲ್ಲದಿರುವಾಗ ಇದೆಲ್ಲ ಯಾರಿಗೆ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ಇಂಗ್ಲಿಷ್ ಸಬ್‌ಟೈಟಲ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ತೋರಿಸುವವರು ಇದನ್ನು ಯಾವತ್ತೂ ಗಟ್ಟಿಯಾಗಿ ಯೋಚಿಸಿಲ್ಲ. ಆದರೆ ಅದರಿಂದ ನೀವು "ನಮ್ಮ ಜನಕ್ಕೆ ಇದು ಬೇಡ" ಅನ್ನುವಲ್ಲಿಗೆ ಹೋಗುತ್ತೀರಲ್ಲ, ಅಲ್ಲಿ ನಾನು ನಿಮ್ಮ ಜೊತೆ ಬರಲಾರೆ.

ಹೆಗ್ಗೋಡು ನಿಮಗೇನು ದೂರದ ಊರಲ್ಲ. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಚಿತ್ರಸಮಾಜ ಶುರು ಮಾಡಿದ್ದು 1973ರಲ್ಲಿ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರ ಆಸೆಗೆ ಪುಣೆಯಿಂದ ಸಿನಿಮಾ ಪಾಠ ಹೇಳುತ್ತಿದ್ದ ಸತೀಶ್ ಬಹಾದೂರ್, ಹಳೆಯ ಸಿನಿಮಾಗಳನ್ನು ಕಾಪಾಡಿದ ಪಿ.ಕೆ. ನಾಯರ್ ಅಂಥವರು ಕೈಜೋಡಿಸಿದರು. ಅಡಿಕೆ ತೋಟದವರು, ಕೂಲಿ ಮಾಡುವವರು, ಮನೆಗೆಲಸ ಮುಗಿಸಿ ಬಂದ ಹೆಂಗಸರು ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮನ್' ನೋಡಿದರು. ನಾಯರ್ ಅವರ ಬಗ್ಗೆ 2012ರಲ್ಲಿ ಬಂದ 'ಸೆಲ್ಯುಲಾಯ್ಡ್ ಮ್ಯಾನ್' ಅನ್ನುವ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ಎಷ್ಟೋ ವರ್ಷದ ಹಿಂದೆ ನೋಡಿದ ಆ ಸಿನಿಮಾಗಳನ್ನು ನೆನೆದು ಮಾತಾಡುತ್ತಾರೆ. ಮೊಬೈಲ್ ಬಿಡಿ, ಹಳ್ಳಿಗಳಲ್ಲಿ ಟೀವಿಯೇ ಇರದ ಕಾಲದಲ್ಲಿ ನೋಡಿದ್ದು ಅದು. ನಮ್ಮ ಜನಕ್ಕೆ ಅರ್ಥವಾಗಲ್ಲ ಅನ್ನುವ ಮಾತು ಅವತ್ತೇ ಸುಳ್ಳಾಗಿದೆ.

ನಾನೇ ಕಂಡದ್ದೊಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಊರಿನ ಸಭಾಂಗಣದಲ್ಲಿ ಇರಾನಿನ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' ಹಾಕಿದ್ದರು. ಒಬ್ಬ ಹುಡುಗ ತಪ್ಪಿ ಗೆಳೆಯನ ನೋಟ್‌ಬುಕ್ ಮನೆಗೆ ತಂದಿರುತ್ತಾನೆ. ನಾಳೆ ಅದಿಲ್ಲದೆ ಹೋದರೆ ಗೆಳೆಯನನ್ನು ಶಾಲೆಯಿಂದಲೇ ಹೊರಹಾಕುತ್ತೇನೆ ಅಂತ ಮೇಷ್ಟ್ರು ಹೇಳಿರುತ್ತಾರೆ. ಪಕ್ಕದೂರಿಗೆ ಹೋಗಿ ಕೊಟ್ಟು ಬರಬೇಕು, ಮನೆ ಗೊತ್ತಿಲ್ಲ. ಇಷ್ಟೇ ಕತೆ. ದೀಪ ಆರಿಸುವ ಮೊದಲು ಇಷ್ಟನ್ನೇ ಒಬ್ಬರು ಕನ್ನಡದಲ್ಲಿ ಎರಡು ನಿಮಿಷ ಹೇಳಿದರು. ನನ್ನ ಪಕ್ಕ ಒಬ್ಬ ಅಜ್ಜಿ, ಮೊಮ್ಮಗನ ಜೊತೆ ಬಂದವರು. ಅವರಿಗೆ ಕನ್ನಡ ಅಕ್ಷರವೇ ಬರುತ್ತಿರಲಿಲ್ಲ, ಇನ್ನು ಇಂಗ್ಲಿಷ್ ಎಲ್ಲಿ! ಸಿನಿಮಾದ ತಾಯಿ ಬಟ್ಟೆ ಒಣಹಾಕುತ್ತಾ ಹುಡುಗನ ಮಾತು ಕಿವಿಗೇ ಹಾಕಿಕೊಳ್ಳದೆ ಒಂದಾದ ಮೇಲೊಂದು ಕೆಲಸ ಹೇಳುವಾಗ ಅಜ್ಜಿ "ಅಯ್ಯೋ, ಅವನ ಮಾತು ಒಂಚೂರು ಕೇಳೇ ಮಾರಾಯ್ತಿ" ಅಂತ ಗಟ್ಟಿಯಾಗಿಯೇ ಅಂದರು. ಹುಡುಗ ನೋಟ್‌ಬುಕ್ ಹಿಡಿದು ಗುಡ್ಡದ ಅಂಕುಡೊಂಕು ದಾರಿಯಲ್ಲಿ ಓಡುವಾಗ ಆ ಸಭಾಂಗಣದಲ್ಲಿ ಕೆಮ್ಮುವ ಸದ್ದೂ ಇರಲಿಲ್ಲ.

ಅದೇ ಸಿನಿಮಾ ಮನೆಯಲ್ಲಿ ಫೋನಿನಲ್ಲಿ ನೋಡಿದ್ದರೆ ಅಜ್ಜಿಯ ಆ ಮಾತು ನನಗೆ ಸಿಗುತ್ತಿತ್ತಾ? ಮೊಬೈಲಿನಲ್ಲಿ ನಾನೂ ಸಿನಿಮಾ ನೋಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ, ಮೆಸೇಜ್ ನೋಡುತ್ತೇನೆ, ನಿಧಾನದ ಸಿನಿಮಾ ಆದರೆ ಅರ್ಧಕ್ಕೇ ಬಿಡುತ್ತೇನೆ. ಕತ್ತಲಲ್ಲಿ ಊರಿನವರ ಜೊತೆ ಕೂತಾಗ ಹಾಗೆ ಏಳಲು ಮನಸ್ಸು ಬರಲ್ಲ, ಆ ನಿಧಾನವೇ ಮೆಲ್ಲಗೆ ರುಚಿ ಹತ್ತುತ್ತೆ. ಅಂದಹಾಗೆ, ಮೊಬೈಲಿನಲ್ಲಿ ಇದೆ ಅಂತ ಅದನ್ನೇ ಪರದೆಗೆ ಹಾಕುವ ಹಾಗೂ ಇಲ್ಲ. ಮನೆಯ ಚಂದಾ ಮನೆಗೆ ಮಾತ್ರ, ಸಾರ್ವಜನಿಕವಾಗಿ ತೋರಿಸಲು ಹಕ್ಕಿದ್ದವರ ಒಪ್ಪಿಗೆ ಬೇರೆಯೇ ಬೇಕು. ನಿಮ್ಮೂರಿನ ಹುಡುಗರು ಒಂದು ಶನಿವಾರಕ್ಕೆ ಎಷ್ಟು ಪತ್ರ ಬರೆದಿರುತ್ತಾರೋ!

ಕನ್ನಡದ ಮಾತಿಗೆ ಬರುತ್ತೇನೆ. ನಿಮ್ಮ ಸಂಕಟ ನನ್ನದೂ ಹೌದು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಹೆಣ್ಣುಮಗಳ ಕತೆ 'ಶಿವಮ್ಮ' 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ನಮ್ಮ ಥಿಯೇಟರಿಗೆ ಬಂದದ್ದು 2024ರಲ್ಲಿ. ಮಂಡ್ಯದ ಹಳ್ಳಿಯವರೇ ನಟಿಸಿದ 'ತಿಥಿ'ಗೂ 2015ರಲ್ಲಿ ಮೊದಲು ಪ್ರಶಸ್ತಿ ಬಂದದ್ದು ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ. ಕನ್ನಡ ಬಾರದ ಆ ಊರುಗಳಲ್ಲಿ ಯಾರೋ ಕೂತು ನಮ್ಮ ಶಿವಮ್ಮನನ್ನು, 'ತಿಥಿ'ಯ ನಮ್ಮ ಗಡ್ಡಪ್ಪನನ್ನು ನೋಡಿದರಲ್ಲ, ಅವರೂ ಹೊರದೇಶದ ಸಿನಿಮಾ ನೋಡಲು ಬಂದವರೇ. ಹಾಗಾಗಿ ಇರಾನಿನದೋ ಕನ್ನಡದ್ದೋ ಅಂತ ಜಗಳ ಬೇಡ, ಎರಡನ್ನೂ ಹಾಕಲಿ. ಒಂದು ತಿಂಗಳು ಅದು, ಒಂದು ತಿಂಗಳು ಇದು. ಕನ್ನಡದ್ದು ಹಾಕಿದ ದಿನ ನಿರ್ದೇಶಕರನ್ನೂ ಕರೆಯಲಿ. ಥಿಯೇಟರ್ ಸಿಗದೆ ಒದ್ದಾಡಿದ ಎಷ್ಟೋ ಜನ ಬಸ್ ಹತ್ತಿ ಬಂದೇ ಬರುತ್ತಾರೆ.

ಈಗ ನಿಮ್ಮಲ್ಲೊಂದು ಕೋರಿಕೆ. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದವರು ನೀವು. ಮುಂದಿನ ಶನಿವಾರದ ಸಿನಿಮಾ ಒಂದು ದಿನ ಮೊದಲೇ ತರಿಸಿಕೊಂಡು ನೋಡಿ, ನಿಮ್ಮ ಮಗ ಪಕ್ಕದಲ್ಲಿ ಕೂತು ಇಂಗ್ಲಿಷ್ ಓದಿ ಹೇಳಲಿ. ಶನಿವಾರ ಸಂಜೆ ಎದ್ದು ನಿಂತು ಐದು ನಿಮಿಷ ಕತೆ ಹೇಳಿ, ಕೊನೆ ಮಾತ್ರ ಬಿಡಿ. ಜೊತೆಗೆ ಮನೆಯವರನ್ನೂ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಎಷ್ಟು ಜನ ಬಂದರು, ಯಾರು ಏನಂದರು ಅಂತ ನಮಗೆ ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.

— ಸಂಪಾದಕ